ಯಾರ ಹಂಗೂ ಇಲ್ಲದ ನಾಲ್ವರು: ಫುಗಾಝಿ ಬ್ಯಾಂಡ್ ಬೆಳೆದದ್ದು, ನಿಲ್ಲಿಸಿದ್ದು

(ಶಿವಮೊಗ್ಗದಲ್ಲಿ ಸಂಗೀತ ಮತ್ತು ನಾಟಕದ ಗೆಳೆಯರ ಮುಂದೆ ಆಡಿದ ಮಾತಿನ ಬರಹ ರೂಪ. ಕೊನೆಗೆ ಬಂದ ಎರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇಂಥ ಮಳೆಯಲ್ಲೂ ಬಂದಿದ್ದೀರಿ, ತುಂಬಾ ಸಂತೋಷ.

ಬ್ಯಾಂಡಿನ ಬಗ್ಗೆ ಮಾತು ಅಂದರೆ ಗಿಟಾರು, ಡ್ರಮ್ಸಿನಿಂದ ಶುರು ಮಾಡುವುದು ವಾಡಿಕೆ. ನಾನು ಟಿಕೆಟ್ಟಿನಿಂದ ಶುರು ಮಾಡುತ್ತೇನೆ. ಅಮೆರಿಕದ ರಾಜಧಾನಿ ವಾಷಿಂಗ್ಟನ್‌ನಲ್ಲಿ ಫುಗಾಝಿ ಅಂತ ಒಂದು ಪಂಕ್ ರಾಕ್ ಬ್ಯಾಂಡ್ ಇತ್ತು. ನಾಲ್ಕೇ ಜನ. 1987ರಿಂದ 2002ರವರೆಗೆ ಸುಮಾರು ಸಾವಿರ ಕಾರ್ಯಕ್ರಮ ಕೊಟ್ಟರು. ಅವರ ಟಿಕೆಟ್ 5 ಡಾಲರ್. ಅಲ್ಲಿ ಆಗ ಒಂದು ಸಿನಿಮಾ ನೋಡಲು ಹೆಚ್ಚುಕಮ್ಮಿ ಅಷ್ಟೇ ಆಗುತ್ತಿತ್ತು. 1990ರ ಲೆಕ್ಕಕ್ಕೆ ನಮ್ಮ ದುಡ್ಡಿನಲ್ಲಿ ನೂರು ರೂಪಾಯಿಯ ಒಳಗೆ. ಸಾವಿರಾರು ಜನ ಸೇರುವಷ್ಟು ದೊಡ್ಡ ಬ್ಯಾಂಡ್ ಆದ ಮೇಲೂ ಅವರು ಆ ದರವನ್ನು ಬಿಡಲಿಲ್ಲ. ಕೊನೆಯ ವರ್ಷಗಳಲ್ಲಿ ಅಲ್ಲಲ್ಲಿ ಸ್ವಲ್ಪ ಏರಿತು, ಆದರೂ ಬೇರೆಯವರ ದರದ ಹತ್ತಿರಕ್ಕೂ ಹೋಗಲಿಲ್ಲ.

ಈ 5 ಡಾಲರಿನ ಹಿಂದೆ ಹೋದರೆ ಉಳಿದ ಕಥೆಯೆಲ್ಲ ಸಿಗುತ್ತದೆ. ಅವರು ಹೇಗೆ ಬೆಳೆದರು, ದೊಡ್ಡ ಕಂಪನಿಗಳು ಬಾಗಿಲಿಗೆ ಬಂದಾಗ ಯಾಕೆ ಬೇಡ ಅಂದರು, 2002ರಲ್ಲಿ ಜಗಳವಿಲ್ಲದೆ ಹೇಗೆ ನಿಲ್ಲಿಸಿದರು. ನನ್ನ ಮನಸ್ಸಿನಲ್ಲಿ ಜಾಸ್ತಿ ಕೂತಿರುವುದು ಆ ಕೊನೆಯದು. ಬೇಕಾದಾಗ ನಿಲ್ಲಿಸುವ ಸ್ವಾತಂತ್ರ್ಯ ಅವರಿಗೆ ಎಲ್ಲಿಂದ ಬಂತು? ಅದನ್ನೇ ಇವತ್ತು ಹೇಳಬೇಕು ಅಂತ ಬಂದಿದ್ದೇನೆ.

ಪಂಕ್ ಅಂದರೇನು ಅನ್ನುವವರು ಇಲ್ಲಿ ಕೆಲವರಾದರೂ ಇರುತ್ತೀರಿ. 1970ರ ದಶಕದ ನಡುವೆ ನ್ಯೂಯಾರ್ಕ್, ಲಂಡನ್‌ಗಳಲ್ಲಿ ಎದ್ದುಬಂದ ರಾಕ್ ಸಂಗೀತ. ಹಾಡು ಚಿಕ್ಕದು, ವೇಗ ಜಾಸ್ತಿ, ಗಿಟಾರಿನಲ್ಲಿ ಮೂರು ಕಾರ್ಡ್, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಮೂರು ಗುಂಪು, ಗೊತ್ತಿದ್ದರೆ ವೇದಿಕೆ ಹತ್ತಬಹುದು. ರಾಕ್ ಆ ಹೊತ್ತಿಗೆ ದೊಡ್ಡ ಸ್ಟೇಡಿಯಂ, ದೊಡ್ಡ ದುಡ್ಡಿನ ವ್ಯವಹಾರವಾಗಿತ್ತು. ಕೆಳಗೆ ನಿಂತು ಕೇಳುತ್ತಿದ್ದ ಹುಡುಗರು, ನಾವೂ ನುಡಿಸುತ್ತೇವೆ ಅಂತ ಎದ್ದರು. ಇವತ್ತಿಗೆ ಅಷ್ಟು ತಿಳಿದಿದ್ದರೆ ಸಾಕು.

ವಾಷಿಂಗ್ಟನ್ ಸರ್ಕಾರಿ ಊರು. ಅಲ್ಲಿ ದೊಡ್ಡ ರೆಕಾರ್ಡ್ ಕಂಪನಿಗಳು ಇರಲಿಲ್ಲ. 1979ರಲ್ಲಿ ಅಲ್ಲಿನ ಜಾರ್ಜ್‌ಟೌನ್ ವಿಶ್ವವಿದ್ಯಾಲಯ ತನ್ನ ರೇಡಿಯೊ ಕೇಂದ್ರವನ್ನು ಮುಚ್ಚಿತು. ಆ ಕೇಂದ್ರದ ಸಹಾಯಕ್ಕೆ ನಡೆದ ಕಾರ್ಯಕ್ರಮದಲ್ಲಿ ಕ್ರಾಂಪ್ಸ್ ಅನ್ನುವ ಬ್ಯಾಂಡ್ ನುಡಿಸಿತು. ಕೇಳಲು ಹೋದವರಲ್ಲಿ ಹದಿನಾರು ವರ್ಷದ ಇಯಾನ್ ಮೆಕೈ ಒಬ್ಬ. ಅವನು ನೋಡಿದ ಮೊದಲ ಪಂಕ್ ಕಾರ್ಯಕ್ರಮ ಅದು. ಅದೇ ಊರಿನಲ್ಲಿ ಬ್ಯಾಡ್ ಬ್ರೈನ್ಸ್ ಅಂತ ಆಫ್ರಿಕನ್ ಅಮೆರಿಕನ್ ಯುವಕರ ಬ್ಯಾಂಡ್ ಇತ್ತು. ಜಾಝ್ ನುಡಿಸುತ್ತಿದ್ದವರು ಪಂಕ್‌ಗೆ ಬಂದಿದ್ದರು, ಅವರ ವೇಗಕ್ಕೆ ಸಾಟಿಯೇ ಇರಲಿಲ್ಲ. ಇವರನ್ನೆಲ್ಲ ಕೇಳಿ ಮೆಕೈ ಮತ್ತು ಶಾಲೆಯ ಗೆಳೆಯರು ಟೀನ್ ಐಡಲ್ಸ್ ಅಂತ ಒಂದು ಬ್ಯಾಂಡ್ ಕಟ್ಟಿದರು.

ಆ ಹುಡುಗರ ಬ್ಯಾಂಡ್ ಒಂದು ವರ್ಷ ನಡೆಯಿತು, ಅಷ್ಟೇ. ಆದರೆ ಕಾರ್ಯಕ್ರಮಗಳಿಂದ ಬಂದ ದುಡ್ಡನ್ನು ಅವರು ಖರ್ಚು ಮಾಡಿರಲಿಲ್ಲ, ಒಂದು ಡಬ್ಬಿಯಲ್ಲಿ ಹಾಕಿಡುತ್ತಿದ್ದರು. ಬ್ಯಾಂಡ್ ಮುಗಿದಾಗ ಅದರಲ್ಲಿ ಸುಮಾರು 600 ಡಾಲರ್ ಇತ್ತು. ನಾಲ್ಕು ಪಾಲು ಮಾಡಿಕೊಳ್ಳಬಹುದಿತ್ತು. ಅವರು ಪಾಲು ಮಾಡಲಿಲ್ಲ, ತಮ್ಮ ಹಾಡುಗಳ ಒಂದು ರೆಕಾರ್ಡ್ ಹೊರತಂದರು. ಮುಗಿದುಹೋದ ಬ್ಯಾಂಡಿನ ರೆಕಾರ್ಡ್! ಮಾರಾಟ ಮಾಡಿ ಹೆಸರು ಮಾಡುವ ಆಸೆ ಅದರಲ್ಲಿ ಇರಲು ಸಾಧ್ಯವೇ ಇಲ್ಲ. ನಾವು ಇದ್ದೆವು, ಹೀಗೆ ಹಾಡಿದೆವು ಅಂತ ದಾಖಲಿಸಬೇಕಿತ್ತು. ಅದಕ್ಕಾಗಿಯೇ 1980ರಲ್ಲಿ ಮೆಕೈ, ಡ್ರಮ್ಮರ್ ಜೆಫ್ ನೆಲ್ಸನ್ ಮತ್ತು ಗೆಳೆಯರು ಸೇರಿ ಡಿಸ್ಕಾರ್ಡ್ ರೆಕಾರ್ಡ್ಸ್ ಅನ್ನುವ ಸ್ವಂತ ರೆಕಾರ್ಡ್ ಕಂಪನಿ ಶುರು ಮಾಡಿದರು.

ಆ ಮೊದಲ ರೆಕಾರ್ಡಿನ ಹೊದಿಕೆ ಹೇಗೆ ತಯಾರಾಯಿತು ಅಂತ ಸ್ವಲ್ಪ ಹತ್ತಿರದಿಂದ ನೋಡೋಣ. ಏಳು ಇಂಚಿನ ರೆಕಾರ್ಡ್. ಅದಕ್ಕೊಂದು ಕಾಗದದ ಲಕೋಟೆ ಬೇಕು. ಸಿದ್ಧ ಲಕೋಟೆ ಮಾಡಿಸಲು ದುಡ್ಡಿಲ್ಲ. ಇವರು ಬೇರೊಂದು ರೆಕಾರ್ಡಿನ ಲಕೋಟೆಯನ್ನು ಅಂಟು ಬಿಡಿಸಿ ನೆಲದ ಮೇಲೆ ಹರಡಿದರು. ಎಲ್ಲಿ ಮಡಿಕೆ, ಎಲ್ಲಿ ಅಂಟು, ಎಲ್ಲಿ ಕತ್ತರಿ ಅಂತ ನೋಡಿಕೊಂಡರು. ಅದೇ ಅಳತೆಗೆ ಚಪ್ಪಟೆ ಹಾಳೆಯಲ್ಲಿ ಮುದ್ರಿಸಿ ತಂದರು. ಆಮೇಲೆ ಮನೆಯಲ್ಲಿ ಗೆಳೆಯರೆಲ್ಲ ಕೂತು ಕತ್ತರಿಸುವುದು, ಮಡಿಸುವುದು, ಅಂಟಿಸುವುದು. ಮೊದಲ ಸಲ ಸಾವಿರ ಪ್ರತಿ. ಮುಂದಿನ ಕೆಲವು ರೆಕಾರ್ಡುಗಳಿಗೂ ಹೀಗೇ ಸಾವಿರಾರು ಲಕೋಟೆಗಳನ್ನು ಕೈಯಲ್ಲೇ ಮಾಡಿದರು. ಧ್ವನಿ ಮುದ್ರಣ ಆದದ್ದು ಊರಿನ ಪಕ್ಕದ ಆರ್ಲಿಂಗ್ಟನ್‌ನಲ್ಲಿ ಡಾನ್ ಝೆಂಟಾರಾ ಎಂಬವರು ಮನೆಯಲ್ಲಿ ಇಟ್ಟುಕೊಂಡಿದ್ದ ಇನ್ನರ್ ಇಯರ್ ಅನ್ನುವ ಸ್ಟುಡಿಯೊದಲ್ಲಿ. ಈ ಹೆಸರು ನೆನಪಿರಲಿ, ಮುಂದೆ ಮತ್ತೆ ಬರುತ್ತದೆ.

ಡಿಸ್ಕಾರ್ಡ್ ನಡೆದ ರೀತಿಯನ್ನೂ ಹೇಳಬೇಕು. ಬ್ಯಾಂಡುಗಳ ಜೊತೆ ಕಾಗದದ ಕರಾರು ಇಲ್ಲ, ಮಾತೇ ಕರಾರು. ಖರ್ಚು ಕಳೆದು ಉಳಿದದ್ದರಲ್ಲಿ ಅರ್ಧ ಬ್ಯಾಂಡಿಗೆ, ಅರ್ಧ ಕಂಪನಿಗೆ. ತಮ್ಮ ಊರಿನ ಬ್ಯಾಂಡುಗಳ ರೆಕಾರ್ಡ್ ಮಾತ್ರ ತರುತ್ತಾರೆ. ಎಷ್ಟೇ ಒಳ್ಳೆಯ ಬ್ಯಾಂಡ್ ಬೇರೆ ಊರಿನಿಂದ ಬಂದರೂ, ನಿಮ್ಮ ಊರಿನಲ್ಲಿ ನೀವೇ ಒಂದು ಶುರು ಮಾಡಿ ಅನ್ನುವ ಉತ್ತರ. ಇದನ್ನು ಓದಿದಾಗ ನನಗೆ ಹೆಗ್ಗೋಡು ನೆನಪಾಗದೆ ಇರಲಿಲ್ಲ. ಸಾಗರದ ಪಕ್ಕದ ಆ ಹಳ್ಳಿಯಲ್ಲಿ ಕೆ.ವಿ. ಸುಬ್ಬಣ್ಣ ಮತ್ತು ಗೆಳೆಯರು 1949ರಲ್ಲಿ ನೀನಾಸಂ ಕಟ್ಟಿದರು. ಅಲ್ಲೇ ಪುಸ್ತಕ ಪ್ರಕಟಿಸಿದರು, ಅಲ್ಲೇ ರಂಗಶಾಲೆ ಮಾಡಿದರು. 1985ರಿಂದ ತಿರುಗಾಟದ ತಂಡ ಸೆಟ್ಟು, ದೀಪ, ವೇಷ ಎಲ್ಲ ಹೇರಿಕೊಂಡು ಕರ್ನಾಟಕದ ಊರೂರು ಸುತ್ತುತ್ತಿದೆ. ಕೆಲಸ ಮಾಡಬೇಕಾದರೆ ಬೆಂಗಳೂರಿಗೇ ಹೋಗಬೇಕು ಅನ್ನುವ ಮಾತನ್ನು ಆ ಊರು ಒಪ್ಪಲಿಲ್ಲ. ಪಂಕ್‌ಗೂ ಹೆಗ್ಗೋಡಿಗೂ ನೇರ ಸಂಬಂಧ ಏನೂ ಇಲ್ಲ. ಇರುವ ಊರಿನಲ್ಲೇ ಬೇರು ಬಿಡುವ ಹಟ ಮಾತ್ರ ಎರಡೂ ಕಡೆ ಒಂದೇ.

ಇನ್ನೊಂದು ಸಂಗತಿ ಬಾಗಿಲಿನದು. ಅಮೆರಿಕದಲ್ಲಿ ರಾಕ್ ಕ್ಲಬ್ಬುಗಳು ನಡೆಯುವುದೇ ಮದ್ಯದ ಮಾರಾಟದಿಂದ. ಹಾಗಾಗಿ ಕುಡಿಯುವ ವಯಸ್ಸಾಗದವರಿಗೆ ಎಷ್ಟೋ ಕಡೆ ಪ್ರವೇಶ ಇಲ್ಲ. ಹದಿನಾರು ಹದಿನೇಳರ ಹುಡುಗರೇ ಪಂಕ್ ಕಟ್ಟುತ್ತಿದ್ದಾರೆ, ಅವರಿಗೇ ಒಳಗೆ ಬಿಡುವುದಿಲ್ಲ! 1980ರಲ್ಲಿ ಟೀನ್ ಐಡಲ್ಸ್ ಸ್ಯಾನ್ ಫ್ರಾನ್ಸಿಸ್ಕೊಗೆ ಹೋದಾಗ ಅಲ್ಲಿನ ಒಂದು ಕ್ಲಬ್ಬಿನವರು ಉಪಾಯ ಮಾಡಿದ್ದರು. ಸಣ್ಣ ವಯಸ್ಸಿನವರ ಕೈ ಹಿಂದೆ ಕಪ್ಪು ಮಾರ್ಕರ್ ಪೆನ್ನಿನಲ್ಲಿ ದೊಡ್ಡದಾಗಿ ಒಂದು ಎಕ್ಸ್ ಬರೆದು ಒಳಗೆ ಬಿಡುವುದು. ಆ ಗುರುತು ಕಂಡರೆ ಕೌಂಟರಿನವರು ಮದ್ಯ ಕೊಡಬಾರದು. ಹುಡುಗರು ಊರಿಗೆ ವಾಪಸ್ ಬಂದು ತಮ್ಮ ಊರಿನ ಕ್ಲಬ್ಬಿಗೂ ಇದನ್ನೇ ಒಪ್ಪಿಸಿದರು. ತಡೆಯುವ ಗುರುತನ್ನೇ ಅವರು ಹೆಮ್ಮೆಯಿಂದ ಹಾಕಿಕೊಂಡು ತಿರುಗಿದರು.

ಮೆಕೈ ಆಮೇಲೆ ಕಟ್ಟಿದ ಮೈನರ್ ಥ್ರೆಟ್ ಬ್ಯಾಂಡ್ 1980ರಿಂದ 83ರವರೆಗೆ ಇತ್ತು. ಕುಡಿತ, ಡ್ರಗ್ಸ್ ನನಗೆ ಬೇಡ ಅಂತ ಅವನು ಬರೆದ ಒಂದು ನಿಮಿಷಕ್ಕೂ ಕಡಿಮೆಯ ಹಾಡು ಜಗತ್ತಿನ ಎಷ್ಟೋ ಕಡೆ ಒಂದು ಚಳವಳಿಯೇ ಆಯಿತು. ಕೆಲವರು ಅದನ್ನು ಕಟ್ಟುನಿಟ್ಟಿನ ಮಡಿ ಮಾಡಿಕೊಂಡು ಕುಡಿಯುವವರ ಮೇಲೆ ಕೈ ಮಾಡುವ ಮಟ್ಟಕ್ಕೂ ಹೋದರು. ನಾನು ಚಳವಳಿ ಕಟ್ಟಲು ಹೊರಟಿರಲಿಲ್ಲ ಅಂತ ಮೆಕೈ ಮತ್ತೆ ಮತ್ತೆ ಹೇಳಬೇಕಾಯಿತು. 1980ರ ದಶಕದ ನಡುವಿಗೆ ಪಂಕ್ ಕಾರ್ಯಕ್ರಮ ಅಂದರೆ ಹೊಡೆದಾಟ ಅನ್ನುವ ಹಾಗಾಗಿತ್ತು. ಇದು ಬೇಡ ಅಂತ 1985ರ ಹೊತ್ತಿಗೆ ಊರಿನ ಗೆಳೆಯರು ಹೊಸ ಬ್ಯಾಂಡುಗಳನ್ನು ಶುರು ಮಾಡಿದರು. ಅವುಗಳಲ್ಲಿ ಒಂದರಲ್ಲಿ ಗೀ ಪಿಚೊಟ್ಟೊ ಹಾಡುತ್ತಿದ್ದ, ಬ್ರೆಂಡನ್ ಕ್ಯಾಂಟಿ ಡ್ರಮ್ಸ್ ನುಡಿಸುತ್ತಿದ್ದ.

ಫುಗಾಝಿ ಹುಟ್ಟಿದ್ದು ಈ ಗುಂಪಿನಿಂದಲೇ. 1987ರ ಸೆಪ್ಟೆಂಬರ್ 3ರಂದು ವಾಷಿಂಗ್ಟನ್ನಿನ ವಿಲ್ಸನ್ ಸೆಂಟರಿನಲ್ಲಿ ಮೊದಲ ಕಾರ್ಯಕ್ರಮ. ಹಾಡಿಗೆ, ಗಿಟಾರಿಗೆ ಮೆಕೈ, ತಗ್ಗು ಸ್ವರದ ಬೇಸ್ ಗಿಟಾರಿಗೆ ಜೋ ಲಾಲಿ, ಡ್ರಮ್ಸ್‌ಗೆ ಕ್ಯಾಂಟಿ. ಪಿಚೊಟ್ಟೊ ಆಮೇಲೆ ಸೇರಿಕೊಂಡ. ಮೊದಮೊದಲು ಹಾಡಿಗೆ ದನಿ ಸೇರಿಸುತ್ತಿದ್ದ, ನಂತರ ಗಿಟಾರನ್ನೂ ಹಿಡಿದ. ಅಲ್ಲಿಂದ ಕೊನೆಯವರೆಗೂ ಅವೇ ನಾಲ್ಕು ಜನ. ಒಬ್ಬರೂ ಬದಲಾಗಲಿಲ್ಲ.

ಸಂಗೀತ ಹೇಗಿತ್ತು ಅಂತ ಮಾತಿನಲ್ಲಿ ಹೇಳುವುದು ಕಷ್ಟ. ಆದರೂ ಒಂದು ಜಾಗ ತೋರಿಸುತ್ತೇನೆ. 'ವೇಟಿಂಗ್ ರೂಮ್' ಅಂತ ಅವರ ಬಹಳ ಹೆಸರಾದ ಹಾಡು, 1988ರದ್ದು. ಜೋ ಲಾಲಿಯ ಬೇಸ್ ಒಂದೇ ಶುರುವಾಗುತ್ತದೆ. ಅದರಲ್ಲಿ ಜಮೈಕಾದ ರೆಗೆ ಸಂಗೀತದ ನಡಿಗೆ ಇದೆ, ಪಂಕ್‌ನ ಓಟ ಇಲ್ಲ. ಡ್ರಮ್ಸ್ ಬರುತ್ತದೆ, ಗಿಟಾರ್ ಬರುತ್ತದೆ, ಕಾಲು ತಾಳ ಹಾಕಲು ಶುರು ಮಾಡುತ್ತದೆ. ಅರ್ಧ ನಿಮಿಷ ಆಗುವ ಮುಂಚೆಯೇ ಎಲ್ಲರೂ ಒಟ್ಟಿಗೆ ನಿಲ್ಲಿಸುತ್ತಾರೆ. ಏನೂ ಇಲ್ಲ, ಪೂರ್ತಿ ಮೌನ. ಕೇಳುವವನಿಗೆ ಹಾಡು ಕೆಟ್ಟಿತೇನೋ ಅನ್ನಿಸುವಷ್ಟು ಹೊತ್ತು. ಆಮೇಲೆ ಸರಿಯಾಗಿ ಅದೇ ಜಾಗದಿಂದ ಎಲ್ಲರೂ ಮತ್ತೆ ಎತ್ತಿಕೊಳ್ಳುತ್ತಾರೆ. ವೇದಿಕೆಯ ಮೇಲೆ ಅವರು ಹಾಡುಗಳ ಪಟ್ಟಿ ಬರೆದಿಟ್ಟುಕೊಳ್ಳುತ್ತಿರಲಿಲ್ಲ. ಯಾರಾದರೂ ಒಬ್ಬ ಒಂದು ಎಳೆ ಶುರು ಮಾಡಿದರೆ ಉಳಿದವರು ಹಿಡಿದುಕೊಳ್ಳಬೇಕು. ಹದಿನೈದು ವರ್ಷ ಹೀಗೆ ನುಡಿಸಬೇಕಾದರೆ ಒಬ್ಬರ ಕಿವಿ ಇನ್ನೊಬ್ಬರ ಕೈ ಮೇಲೆ ಎಷ್ಟು ಇರಬೇಕು ಯೋಚಿಸಿ.

ಈಗ 5 ಡಾಲರಿಗೆ ವಾಪಸ್ ಬರೋಣ. ಅಷ್ಟು ಕಡಿಮೆ ದರದಲ್ಲಿ ಹೊಟ್ಟೆ ತುಂಬುವುದು ಹೇಗೆ? ನಮ್ಮಲ್ಲಿ ಬ್ಯಾಂಡ್ ಕಟ್ಟಿದವರಿಗೆ ಈ ಪ್ರಶ್ನೆ ಚೆನ್ನಾಗಿ ಗೊತ್ತು. ಶಿವಮೊಗ್ಗದಲ್ಲಿ ಒಂದು ಸಂಜೆ ಕಾರ್ಯಕ್ರಮ ಮಾಡಬೇಕಾದರೆ ಹಾಲ್ ಬಾಡಿಗೆ, ಸೌಂಡ್ ಸಿಸ್ಟಮ್, ಲೈಟು, ಕರೆಂಟ್ ಹೋದರೆ ಜನರೇಟರ್, ಮೈಕ್ ಪರ್ಮಿಷನ್. ರಾತ್ರಿ ಹತ್ತಾದ ಮೇಲೆ ಧ್ವನಿವರ್ಧಕ ಬಂದ್ ಆಗಬೇಕು. ಇಷ್ಟಕ್ಕೂ ದುಡ್ಡು ಹೊಂದಿಸಲು ಪ್ರಾಯೋಜಕರ ಹತ್ತಿರ ಹೋಗುತ್ತೇವೆ. ಹೋದ ಮೇಲೆ ವೇದಿಕೆಯ ಹಿಂದಿನ ಫ್ಲೆಕ್ಸ್ ಅವರದು, ಮುಂದಿನ ಸಾಲಿನ ಕುರ್ಚಿ ಅವರದು, ಯಾವ ಹಾಡು ಹಾಡಬೇಕು ಅನ್ನುವುದೂ ಅವರದೇ. ಗಣಪತಿ ಹಬ್ಬದ ರಸಮಂಜರಿಯಲ್ಲಿ ಹಾಡುವ ಗಾಯಕರನ್ನು ಕೇಳಿ ನೋಡಿ. ಎಂಥೆಂಥ ಕಂಠಗಳಿವೆ ನಮ್ಮ ಜಿಲ್ಲೆಯಲ್ಲಿ! ಸ್ವಂತದ ಒಂದು ಹಾಡನ್ನು ಆ ವೇದಿಕೆಯಲ್ಲಿ ಹಾಡಲು ಅವರಿಗೆ ಅವಕಾಶ ಸಿಗುವುದು ಅಪರೂಪ. ಅದನ್ನು ನೆನೆದರೆ ನನಗೆ ಬೇಜಾರಾಗುತ್ತದೆ.

ಫುಗಾಝಿ ಲೆಕ್ಕವನ್ನು ಖರ್ಚಿನ ಕಡೆಯಿಂದ ಬಿಡಿಸಿತು. ಮ್ಯಾನೇಜರ್ ಇಲ್ಲ, ಏಜೆಂಟ್ ಇಲ್ಲ. ಊರೂರಿಗೆ ಫೋನ್ ಮಾಡಿ ಕಾರ್ಯಕ್ರಮ ಗೊತ್ತು ಮಾಡುತ್ತಿದ್ದವನು ಮೆಕೈಯೇ. ವ್ಯಾನಿನಲ್ಲಿ ಪ್ರಯಾಣ. ಶುರುವಿನ ವರ್ಷಗಳಲ್ಲಿ ಆಯಾ ಊರಿನ ಗೆಳೆಯರ ಮನೆಯ ನೆಲದ ಮೇಲೆ ಮಲಗಿದ್ದೂ ಇದೆ. ವೇದಿಕೆಗೆ ಬಣ್ಣದ ದೀಪದ ಆಟ ಬೇಡ, ಬಿಳಿ ಬೆಳಕು ಸಾಕು. ಕ್ಲಬ್ ಸಿಗದಿದ್ದರೆ ಚರ್ಚಿನ ಸಭಾಂಗಣ, ಸಮುದಾಯ ಭವನ. ಯಾವ ವಯಸ್ಸಿನವರು ಬಂದರೂ ಒಳಗೆ ಬಿಡಬೇಕು ಅನ್ನುವ ಷರತ್ತು ಮಾತ್ರ ಎಲ್ಲ ಕಡೆಯೂ ಇತ್ತು. ಟಿ-ಶರ್ಟು, ಪೋಸ್ಟರು ಮಾರಲಿಲ್ಲ. ಕೊನೆಗೆ ಹೊರಗಿನವರು ಯಾರೋ, ಇದು ಫುಗಾಝಿ ಟಿ-ಶರ್ಟ್ ಅಲ್ಲ ಅಂತ ಬರೆದ ಶರ್ಟನ್ನೇ ಮಾರಲು ಶುರು ಮಾಡಿದರು. ರೆಕಾರ್ಡಿನ ಬೆಲೆಯನ್ನು ಹೊದಿಕೆಯ ಮೇಲೇ ಅಚ್ಚು ಹಾಕುತ್ತಿದ್ದರು, ಅಂಗಡಿಯವರು ಮನಸ್ಸಿಗೆ ಬಂದಷ್ಟು ತೆಗೆದುಕೊಳ್ಳಬಾರದು ಅಂತ. ಮದ್ಯ, ಸಿಗರೇಟಿನ ಜಾಹೀರಾತು ಹಾಕುವ ಪತ್ರಿಕೆಗಳಿಗೆ ಸಂದರ್ಶನ ಇಲ್ಲ.

ಇದರಲ್ಲಿ ಒಂದೊಂದೇ ತೆಗೆದುಕೊಂಡರೆ ಸಣ್ಣ ಸಂಗತಿ. ಎಲ್ಲ ಸೇರಿದಾಗ ಏನಾಯಿತು ನೋಡಿ. ಅವರು ಯಾರಿಗೂ ಸಾಲಗಾರರಾಗಲಿಲ್ಲ. ಮುಂಗಡ ತೆಗೆದುಕೊಂಡಿರಲಿಲ್ಲ, ಆದ್ದರಿಂದ ಮುಂದಿನ ಆಲ್ಬಂ ಇಂಥ ತಿಂಗಳು ಕೊಡಿ ಅಂತ ಕೇಳುವವರು ಇರಲಿಲ್ಲ.

ಕಾರ್ಯಕ್ರಮ ನಡೆಯುವಾಗ ಮುಂದೆ ಯಾರಾದರೂ ಗುದ್ದಾಡಿದರೆ, ಜನರ ತಲೆ ಮೇಲೆ ಹಾರಿದರೆ, ಮೆಕೈ ಹಾಡನ್ನು ಅರ್ಧಕ್ಕೆ ನಿಲ್ಲಿಸುತ್ತಿದ್ದ. 'ಸರ್' ಅಂತ ಮರ್ಯಾದೆಯಿಂದಲೇ ಕರೆದು ಬೇಡ ಅನ್ನುತ್ತಿದ್ದ. ಕೇಳದಿದ್ದರೆ ಆ ಮನುಷ್ಯನನ್ನು ಹೊರಗೆ ಕಳಿಸಿ, ಕೈಗೆ ಒಂದು ಲಕೋಟೆ ಕೊಡುತ್ತಿದ್ದರು. ಒಳಗೆ 5 ಡಾಲರ್. ಟಿಕೆಟ್ಟಿನ ದುಡ್ಡು ವಾಪಸ್! ಇದಕ್ಕಾಗಿಯೇ ಲಕೋಟೆಗಳಲ್ಲಿ 5 ಡಾಲರಿನ ನೋಟು ಹಾಕಿ ಮುಂಚೆಯೇ ತಯಾರು ಇಟ್ಟುಕೊಂಡಿರುತ್ತಿದ್ದರು. ಇದು ಉಪದೇಶ ಜಾಸ್ತಿಯಾಯಿತು, ಪಂಕ್‌ನಲ್ಲಿ ಇಷ್ಟು ಶಿಸ್ತು ಯಾಕೆ ಅಂತ ಆಗಲೂ ಹಲವರು ಬೈದರು. ನಾನು ಆ ಮಾತನ್ನು ಒಪ್ಪುವುದಿಲ್ಲ. ಗುಂಪು ಕೈಮೀರಿದಾಗ ಹಿಂದೆ ಸರಿಯುವವರು ಯಾರು? ಮೈಯಲ್ಲಿ ಬಲ ಕಡಿಮೆ ಇರುವವರು, ಸಣ್ಣ ಹುಡುಗರು, ಹೆಣ್ಣುಮಕ್ಕಳು. ನಮ್ಮ ಊರಿನ ಡಿಜೆ ಮೆರವಣಿಗೆಗಳಲ್ಲಿ ಹುಡುಗಿಯರು ಎಲ್ಲಿ ನಿಂತಿರುತ್ತಾರೆ ಅಂತ ನೀವೇ ನೋಡಿದ್ದೀರಿ. ಬೀದಿಯಲ್ಲಿ ಹೆಣ್ಣನ್ನು ಪೀಡಿಸುವವರ ಬಗ್ಗೆ, ಅವಳ ಬಾಯಲ್ಲೇ ಹೇಳಿಸಿದ ಒಂದು ಹಾಡು ಫುಗಾಝಿಯ ಮೊದಲ ರೆಕಾರ್ಡಿನಲ್ಲೇ ಇದೆ. ಅದನ್ನು ಹಾಡುತ್ತಾ ಎದುರಿಗೇ ಹುಡುಗಿಯರು ನುಜ್ಜಾಗುವುದನ್ನು ಸುಮ್ನೆ ನೋಡಿಕೊಂಡು ಇರಲು ಆಗುತ್ತದೆಯೇ?

ತಮ್ಮ ಊರಿನಲ್ಲಿ ಅವರು ನುಡಿಸಿದ್ದು ಹೆಚ್ಚಿನಂಶ ಸಹಾಯಾರ್ಥ. ಮನೆ ಇಲ್ಲದವರಿಗೆ, ಆಸ್ಪತ್ರೆಗೆ, ಹೋರಾಟಗಳಿಗೆ. ಬೇಸಿಗೆಯಲ್ಲಿ ಫೋರ್ಟ್ ರೀನೊ ಪಾರ್ಕಿನಲ್ಲಿ ಉಚಿತವಾಗಿ ನುಡಿಸುತ್ತಿದ್ದರು. 1990ರ ಡಿಸೆಂಬರಿನಲ್ಲಿ ಲಾರ್ಟನ್ ಜೈಲಿನ ಕೈದಿಗಳ ಮುಂದೆ ನುಡಿಸಿದರು. ಅದಾದ ಎರಡು ಮೂರು ವಾರಕ್ಕೆ, 1991ರ ಜನವರಿ 12ರಂದು, ಕೊಲ್ಲಿ ಯುದ್ಧ ಬೇಡ ಅಂತ ಶ್ವೇತಭವನದ ಎದುರಿನ ಪಾರ್ಕಿನಲ್ಲಿ, ಚಳಿಯಲ್ಲಿ ನುಡಿಸಿದರು. ಅಧ್ಯಕ್ಷರ ಮನೆಯ ಬಾಗಿಲಲ್ಲಿ!

1991ರಲ್ಲಿ ನಿರ್ವಾಣ ಅನ್ನುವ ಬ್ಯಾಂಡಿನ ಆಲ್ಬಂ ಜಗತ್ತೆಲ್ಲ ಮಾರಾಟವಾಯಿತು. ಆಗ ದೊಡ್ಡ ಕಂಪನಿಗಳು ಇಂಥ ಬ್ಯಾಂಡುಗಳನ್ನು ಹುಡುಕಿಕೊಂಡು ಹೊರಟವು. 1993ರಲ್ಲಿ ಫುಗಾಝಿಯ ಆಲ್ಬಂ ಒಂದು ಅಮೆರಿಕದ ಮುಖ್ಯ ಮಾರಾಟ ಪಟ್ಟಿಗೂ ಏರಿತು. ಅದೇ ವರ್ಷ ನ್ಯೂಯಾರ್ಕಿನಲ್ಲಿ ಅಟ್ಲಾಂಟಿಕ್ ರೆಕಾರ್ಡ್ಸ್ ಕಟ್ಟಿದ ಅಹ್ಮೆತ್ ಎರ್ಟೆಗನ್ ಅವರೇ ಬಂದು ಭೇಟಿಯಾದರು. ರೇ ಚಾರ್ಲ್ಸ್ ಅವರ ಹಾಡುಗಳನ್ನು ಹೊರತಂದ ದೊಡ್ಡ ಮನುಷ್ಯ. ಬ್ಯಾಂಡಿನವರು ಗೌರವದಿಂದ ಮಾತಾಡಿ, ಬೇಡ ಅಂದರು. ಇದನ್ನು ದೊಡ್ಡ ತ್ಯಾಗ ಅಂತ ಹೇಳುವ ಅಭ್ಯಾಸ ಇದೆ. ನನಗೆ ಹಾಗೆ ಅನ್ನಿಸುವುದಿಲ್ಲ. ಅವರ ಹತ್ತಿರ ಆಗಲೇ ಎಲ್ಲ ಇತ್ತು. ಸ್ವಂತ ರೆಕಾರ್ಡ್ ಕಂಪನಿ, ಗೊತ್ತಿದ್ದ ಸ್ಟುಡಿಯೊ, ಬರುವ ಜನ, ತಿರುಗಾಟದ ವ್ಯಾನು. ಆ ಕಂಪನಿ ಅವರಿಗೆ ಹೊಸದಾಗಿ ಕೊಡಬಹುದಾಗಿದ್ದದ್ದು ದುಡ್ಡೊಂದೇ.

ಇಲ್ಲಿ ಒಂದು ಮಾತು ಮುಚ್ಚಿಡದೆ ಹೇಳಬೇಕು. ಮೆಕೈ ಬಡವರ ಮನೆಯ ಹುಡುಗ ಆಗಿರಲಿಲ್ಲ. ತಂದೆ ವಾಷಿಂಗ್ಟನ್ ಪೋಸ್ಟ್ ಪತ್ರಿಕೆಯಲ್ಲಿದ್ದವರು. ಶುರುವಿನಲ್ಲಿ ಡಿಸ್ಕಾರ್ಡ್‌ನ ವಿಳಾಸ ತಂದೆ ತಾಯಿಯ ಮನೆಯದೇ. ಮಗ ಗಿಟಾರ್ ಹಿಡಿದು ಅಲೆದರೂ ಮನೆಯಲ್ಲಿ ಊಟ ಇದ್ದೇ ಇರುತ್ತದೆ ಅನ್ನುವ ಧೈರ್ಯ ಎಲ್ಲರಿಗೂ ಇರುವುದಿಲ್ಲ. ನಮ್ಮಲ್ಲೂ ಅಡಿಕೆ ತೋಟ ಇರುವ ಮನೆಯ ಹುಡುಗನಿಗೂ, ಆ ತೋಟಕ್ಕೆ ಕೊನೆ ಕೊಯ್ಯಲು ಹೋಗುವವರ ಮನೆಯ ಹುಡುಗನಿಗೂ ಬ್ಯಾಂಡ್ ಕಟ್ಟುವ ಕಷ್ಟ ಒಂದೇ ಅಲ್ಲ. ಆದರೆ 5 ಡಾಲರಿನ ಬಾಗಿಲು ಎರಡನೆಯ ಹುಡುಗನಿಗಾಗಿಯೇ ತೆರೆದದ್ದು. ತನಗೆ ಸಿಕ್ಕ ಅನುಕೂಲವನ್ನು ಬ್ಯಾಂಡು ಅವನ ಕಡೆಗೆ ದಾಟಿಸಿತು. ಅದಕ್ಕೇ ನನಗೆ ಅವರ ಮೇಲೆ ಗೌರವ.

ಇನ್ನು ನಿಲ್ಲಿಸಿದ ಕಥೆ. 2001ರಲ್ಲಿ ಅವರು 'ದಿ ಆರ್ಗ್ಯುಮೆಂಟ್' ಆಲ್ಬಂ ಮಾಡಿದರು. ಮುದ್ರಣ ಅದೇ ಡಾನ್ ಝೆಂಟಾರಾ ಅವರ ಇನ್ನರ್ ಇಯರ್ ಸ್ಟುಡಿಯೊದಲ್ಲಿ. ಹದಿಹರೆಯದಲ್ಲಿ ಮೆಕೈ ಯಾರ ಮನೆಗೆ ಹೋಗಿ ಮೊದಲ ರೆಕಾರ್ಡ್ ಮಾಡಿದ್ದನೋ, ಇಪ್ಪತ್ತು ವರ್ಷದ ಮೇಲೂ ಅವರ ಜೊತೆಗೇ ಕೆಲಸ. ನನ್ನ ಕಿವಿಗೆ ಅವರ ಅತ್ಯುತ್ತಮ ಆಲ್ಬಂ ಅದೇ. ಸೋತು ಸುಸ್ತಾದ ಬ್ಯಾಂಡಿನ ಸದ್ದು ಅದರಲ್ಲಿ ಎಲ್ಲೂ ಇಲ್ಲ. ಹೊಸ ವಾದ್ಯಗಳು, ಹೊಸ ದನಿಗಳು ಸೇರಿವೆ. 2002ರ ನವೆಂಬರ್ 4ರಂದು ಲಂಡನ್ನಿನ ಫೋರಂ ಸಭಾಂಗಣದಲ್ಲಿ ನುಡಿಸಿದರು. ಆಮೇಲೆ ಇವತ್ತಿನವರೆಗೆ ಒಟ್ಟಿಗೆ ವೇದಿಕೆ ಹತ್ತಿಲ್ಲ.

ಬ್ಯಾಂಡ್ ಒಡೆಯಿತು ಅಂತ ಅವರು ಯಾವತ್ತೂ ಹೇಳಲಿಲ್ಲ. ವಿರಾಮ ಅಂದರು, ಎಷ್ಟು ಕಾಲ ಅಂತ ಹೇಳಲಿಲ್ಲ. ಕಾರಣ ಮನೆಯದು. ಕ್ಯಾಂಟಿಗೆ ಮಕ್ಕಳಿದ್ದರು. ತಿಂಗಳುಗಟ್ಟಲೆ ವ್ಯಾನಿನಲ್ಲಿ ತಿರುಗುವ ಬದುಕು ನಾಲ್ವರಿಗೂ ಮೊದಲಿನಂತೆ ಸಾಧ್ಯ ಇರಲಿಲ್ಲ. ಈ ಬ್ಯಾಂಡಿನಲ್ಲಿ ಎಲ್ಲ ತೀರ್ಮಾನವೂ ನಾಲ್ವರದು. ಒಬ್ಬರು ಬೇಡ ಅಂದರೆ ಬೇಡ. ಹಾಗಾಗಿ ಡ್ರಮ್ಸ್‌ಗೆ ಬೇರೆ ಯಾರನ್ನೋ ಕೂರಿಸಿಕೊಂಡು ಮುಂದುವರಿಯುವ ಮಾತೇ ಬರಲಿಲ್ಲ.

ನಮ್ಮ ಕಡೆ ಯಕ್ಷಗಾನ ಮೇಳಗಳು ಮಳೆ ಹಿಡಿಯುವ ಮೊದಲು ಗೆಜ್ಜೆ ಬಿಚ್ಚುತ್ತವೆ. ಮೇಳ ಸತ್ತಿತು ಅಂತ ಯಾರೂ ಅನ್ನುವುದಿಲ್ಲ. ಕಲಾವಿದರು ಮನೆಗೆ ಹೋಗುತ್ತಾರೆ, ಗದ್ದೆ ಕೆಲಸ ನೋಡುತ್ತಾರೆ, ಮಳೆಗಾಲ ಕಳೆದ ಮೇಲೆ ಮತ್ತೆ ಕಟ್ಟುತ್ತಾರೆ. ಫುಗಾಝಿ ಮತ್ತೆ ಕಟ್ಟುವ ದಿನ ಹೇಳಲಿಲ್ಲ, ಅಷ್ಟೇ ವ್ಯತ್ಯಾಸ.

ದೊಡ್ಡ ಕಂಪನಿಗೆ ಸಹಿ ಹಾಕಿದ ಬ್ಯಾಂಡ್ ಆಗಿದ್ದರೆ ಇದು ಸಾಧ್ಯವಿತ್ತೇ? ಇನ್ನೂ ಎರಡು ಆಲ್ಬಂ ಬಾಕಿ ಇದೆ ಅನ್ನುತ್ತಿದ್ದರು. ಮುಂಗಡ ವಾಪಸ್ ಕೊಡಿ ಅನ್ನುತ್ತಿದ್ದರು. ಆಗ ಒಬ್ಬನ ಮಕ್ಕಳ ಮೇಲೆ ಇನ್ನೊಬ್ಬನಿಗೆ ಸಿಟ್ಟು ಬರುತ್ತದೆ, ವಕೀಲರು ಬರುತ್ತಾರೆ, ಗೆಳೆತನ ಮುರಿಯುತ್ತದೆ. ಎಷ್ಟು ಬ್ಯಾಂಡುಗಳು ಹೀಗೆ ಮುಗಿದಿಲ್ಲ! ಇವರ ಮೇಲೆ ಯಾರ ಹಂಗೂ ಇರಲಿಲ್ಲ. 1987ರಿಂದ ಟಿಕೆಟ್ಟು, ಬಾಗಿಲು, ಲಕೋಟೆ ಅಂತ ಒಂದೊಂದೇ ಸಣ್ಣ ವಿಷಯದಲ್ಲಿ ಹಿಡಿದ ಹಟದಿಂದ ಬಂದದ್ದು ಈ ಬಿಡುವು. ಮಕ್ಕಳ ಜೊತೆ ಇರಬೇಕು ಅಂತ ಅನ್ನಿಸಿದ ದಿನ ಇದ್ದರು.

ಗೆಳೆತನ ಉಳಿಯಿತು ಅನ್ನುವುದಕ್ಕೆ ಅವರ ಆಮೇಲಿನ ಕೆಲಸವೇ ಸಾಕ್ಷಿ. ಮೆಕೈ ಡ್ರಮ್ಮರ್ ಏಮಿ ಫರೀನಾ ಜೊತೆ ದಿ ಈವನ್ಸ್ ಅನ್ನುವ ಇಬ್ಬರ ತಂಡ ಮಾಡಿದ. ಸಣ್ಣ ಸದ್ದು, ಜೊತೆಯಲ್ಲೇ ತಂದ ಪುಟ್ಟ ಸ್ಪೀಕರು, ಕ್ಲಬ್ ಬಿಟ್ಟು ಬೇರೆ ಜಾಗಗಳಲ್ಲಿ ಕಾರ್ಯಕ್ರಮ. ಲಾಲಿ ಕೆಲವು ವರ್ಷ ಇಟಲಿಯಲ್ಲಿದ್ದು ತನ್ನದೇ ಆಲ್ಬಂ ಮಾಡಿದ. ಪಿಚೊಟ್ಟೊ ಬೇರೆ ಬ್ಯಾಂಡುಗಳ ಆಲ್ಬಂ ಮಾಡಿಸಲು ನಿಂತ. ಮಕ್ಕಳು ಬೆಳೆದ ಮೇಲೆ ಲಾಲಿ, ಕ್ಯಾಂಟಿ ಮತ್ತೆ ಒಟ್ಟಾಗಿ ಮೆಸ್ತೆಟಿಕ್ಸ್ ಅನ್ನುವ ತಂಡ ಕಟ್ಟಿದರು, 2018ರಲ್ಲಿ ಅದರ ಮೊದಲ ಆಲ್ಬಂ ಬಂತು. 2020ರಲ್ಲಿ ಮೆಕೈ, ಫರೀನಾ, ಲಾಲಿ ಮೂವರ ಕೋರಿಕಿ ತಂಡದ ಆಲ್ಬಂ ಬಂತು. ಹಳೆಯ ಹೆಸರನ್ನು ಹಾಕಿಕೊಂಡಿದ್ದರೆ ಇದರ ಎಷ್ಟೋ ಪಾಲು ದುಡ್ಡು ಬರುತ್ತಿತ್ತು. ನಾಲ್ವರೂ ಇಲ್ಲದೆ ಆ ಹೆಸರನ್ನು ಅವರು ಮುಟ್ಟಲಿಲ್ಲ.

ವಿರಾಮದಲ್ಲೂ ಒಂದು ದೊಡ್ಡ ಕೆಲಸ ಮಾಡಿದರು. ಅವರ ಧ್ವನಿ ತಂತ್ರಜ್ಞರು ಕಾರ್ಯಕ್ರಮಗಳನ್ನು ಟೇಪಿನಲ್ಲಿ ಹಿಡಿದಿಟ್ಟಿದ್ದರು. ಸಾವಿರದಲ್ಲಿ ಎಂಟುನೂರಕ್ಕೂ ಹೆಚ್ಚು. 2011ರ ಡಿಸೆಂಬರಿನಿಂದ ಅವನ್ನು ಎಲ್ಲರಿಗೂ ಸಿಗುವಂತೆ ಮಾಡಿದರು. ಒಂದೊಂದಕ್ಕೂ ಬೆಲೆ 5 ಡಾಲರ್, ಅದೂ ಸೂಚನೆ ಮಾತ್ರ. 1 ಡಾಲರಿನಿಂದ 100ರವರೆಗೆ ನಿಮ್ಮ ಕೈಲಾದಷ್ಟು. ತಪ್ಪಿದ ಸ್ವರ, ತುಂಡಾದ ತಂತಿ, ಜನರ ಜೊತೆಗಿನ ವಾದ ಯಾವುದನ್ನೂ ತೆಗೆದುಹಾಕಲಿಲ್ಲ.

ಮಾತು ಮುಗಿದ ಮೇಲೆ ಒಬ್ಬ ಹುಡುಗ ಕೇಳಿದ: ಸರ್, ಈಗ ಫೋನಿನಲ್ಲೇ ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಹಾಕಬಹುದು. ಹಾಗಾದರೆ ಈಗ ಎಲ್ಲರೂ ಸ್ವತಂತ್ರರೇ ಅಲ್ವಾ?

ರೆಕಾರ್ಡ್ ಮಾಡುವುದು, ಹಂಚುವುದು ಸುಲಭವಾಗಿದೆ, ಅದು ದೊಡ್ಡ ಲಾಭ, ಖಂಡಿತ ಬಳಸಿಕೊಳ್ಳಿ. ಆದರೆ ನಿಮ್ಮ ಹಾಡನ್ನು ಯಾರಿಗೆ ತೋರಿಸಬೇಕು, ಎಷ್ಟು ದುಡ್ಡು ಕೊಡಬೇಕು ಅಂತ ತೀರ್ಮಾನ ಮಾಡುವವರು ನಿಮಗೆ ಕಾಣದ ಯಾರೋ. ಆ ತೀರ್ಮಾನದಲ್ಲಿ ಸ್ವಲ್ಪವಾದರೂ ನಿಮ್ಮ ಕೈಯಲ್ಲಿ ಇಟ್ಟುಕೊಳ್ಳಿ. ನನಗೆ ತೋಚುವ ದಾರಿ ಇದು. ಈ ಊರಿನ ನಾಲ್ಕು ತಂಡಗಳು ಸೇರಿ ಒಂದು ಸೌಂಡ್ ಸೆಟ್ ಕೊಂಡುಕೊಳ್ಳಿ. ತಿಂಗಳಿಗೊಮ್ಮೆ ಒಂದು ಸಣ್ಣ ಹಾಲಿನಲ್ಲಿ, ಸಂಜೆ ಐದಕ್ಕೇ, ಎಲ್ಲರೂ ಬರಬಹುದಾದ ಟಿಕೆಟ್ ಇಟ್ಟು ನುಡಿಸಿ. ಐದು ಗಂಟೆ ಅಂತ ಯಾಕೆ ಹೇಳುತ್ತೇನೆ ಅಂದರೆ, ತೀರ್ಥಹಳ್ಳಿ, ಸಾಗರ, ಭದ್ರಾವತಿಯಿಂದ ಬಂದವರು ಬಸ್ಸಿನಲ್ಲಿ ವಾಪಸ್ ಹೋಗಬೇಕು. ಹುಡುಗಿಯರೂ ಮನೆಯಲ್ಲಿ ಕಾಡಿಸಿಕೊಳ್ಳದೆ ಬರಬೇಕು.

ಇನ್ನೊಬ್ಬರು, ಎಲ್ಲಿಂದ ಕೇಳಲು ಶುರು ಮಾಡಬೇಕು ಅಂದರು. ಮೊದಲ ಎರಡು ಪುಟ್ಟ ರೆಕಾರ್ಡುಗಳನ್ನು ಸೇರಿಸಿ 1989ರಲ್ಲಿ ತಂದ '13 ಸಾಂಗ್ಸ್' ಮೊದಲು ಕೇಳಿ. ಆಮೇಲೆ ನಡುವಿನದೆಲ್ಲ ಬಿಟ್ಟು ನೇರವಾಗಿ 'ದಿ ಆರ್ಗ್ಯುಮೆಂಟ್'ಗೆ ಬನ್ನಿ. ಮೊದಲ ಸಲ ಕೇಳುವಾಗ ಗಿಟಾರನ್ನು ಬಿಟ್ಟು ಜೋ ಲಾಲಿಯ ಬೇಸ್ ಹಿಂದೆಯೇ ಹೋಗಿ, ಹಾಡು ಬೇಗ ಬಿಡಿಸಿಕೊಳ್ಳುತ್ತದೆ. ಅಷ್ಟಾದ ಮೇಲೆ ಲೈವ್ ಸಂಗ್ರಹಕ್ಕೆ ಹೋಗಿ ಯಾವುದಾದರೂ ಒಂದು ವರ್ಷದ ಒಂದು ಕಾರ್ಯಕ್ರಮ ತೆಗೆದುಕೊಳ್ಳಿ. ಹಾಡುಗಳ ನಡುವಿನ ಮಾತನ್ನು ದಾಟಿಸಬೇಡಿ, ಅಲ್ಲಿ ಮೆಕೈ ಮುಂದಿನ ಸಾಲಿನವರ ಜೊತೆ ಆಡುವ ಮಾತನ್ನೂ ಕೇಳಿ.